ಒರಟು ಬೆಳ್ಳಿಯ ಊರು

ಸೌತಾಂಪ್ಟನ್ನಿಗೆ ಬಂದಿಳಿದ ಮೂರನೆಯ ದಿನವೇ ನನಗೆ ಜ್ವರ ಬಂತು. ಅಕ್ಕನ ಮಗಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಕೋಟು ಬಿಚ್ಚುವ ಮೊದಲೇ ಅಡುಗೆಮನೆಯ ಕಟ್ಟೆಯ ಮೇಲೆ ಕೋವಿಡ್ ಕಿಟ್ ಬಿಡಿಸಿಟ್ಟಳು. ಮೂಗಿಗೆ ಕಡ್ಡಿ ಹಾಕಿ, ತಿರುಗಿಸಿ, ಕೊಳವೆಯಲ್ಲಿ ಅದ್ದಿ, ಬಿಳಿ ಪಟ್ಟಿಯ ಮೇಲೆ ಹನಿ ಬಿಟ್ಟು ಗಂಜಿಗೆ ನೀರಿಟ್ಟಳು. ಪಟ್ಟಿಯ ಮೇಲೆ ತೆಳು ಗುಲಾಬಿ ಬಣ್ಣ ನಿಧಾನವಾಗಿ ಹರಿದು ಹೋಯಿತು. ಕೊನೆಗೆ 'ಸಿ' ಅಕ್ಷರದ ಎದುರಿಗೆ ಒಂದು ಕೆಂಪು ಗೆರೆ ಉಳಿಯಿತು.

"ಸದ್ಯ, ಒಂದೇ ಗೆರೆ ಮಾವ. ಬರೀ ನೆಗಡಿ ಜ್ವರ. ಗಂಜಿ ಕುಡಿದು ಮಲಗಿ."

"ಆ ಗೆರೆ ಏನು ಅಂತ ಗೊತ್ತೇನೇ? ಚಿನ್ನ."

ಅವಳು ಸೌಟು ಹಿಡಿದುಕೊಂಡೇ ಬಂದು ಕಿಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇಂಥವು ಎಷ್ಟು ಸಾವಿರ ಮುಟ್ಟಿದೀನೋ. ಒಬ್ಬರೂ ಹೇಳಲಿಲ್ಲವಲ್ಲ ಮಾವ."

ಇಂಥ ಅನೇಕ ಕಿಟ್‌ಗಳಲ್ಲಿ ಗೆರೆ ಮೂಡಿಸುವುದು ಸುಮಾರು 40 ನ್ಯಾನೋಮೀಟರ್ ಅಗಲದ ಚಿನ್ನದ ಕಣಗಳು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ನಮ್ಮ ತಲೆಕೂದಲು ಅಂಥ ಎಂಬತ್ತು ತೊಂಬತ್ತು ಸಾವಿರ ಪಾಲಿನಷ್ಟು ದಪ್ಪ. ಬಳೆಯಲ್ಲಿ ಹಳದಿಯಾಗಿ ಹೊಳೆಯುವ ಚಿನ್ನ ಇಷ್ಟು ಸಣ್ಣದಾದಾಗ ಕೆಂಪಾಗುವುದು ಏಕೆ? ನಮ್ಮ ಮಲೆನಾಡಿನ ಡಿಗ್ರಿ ಕಾಲೇಜಿನಲ್ಲಿ ಇದನ್ನು ನಾನು ಕೊಡದ ಲೆಕ್ಕದಲ್ಲಿ ಹೇಳಿಕೊಡುತ್ತೇನೆ. ಲೋಹದೊಳಗೆ ಎಲೆಕ್ಟ್ರಾನುಗಳು ನೀರಿನಂತೆ ಓಡಾಡಿಕೊಂಡಿರುತ್ತವೆ. ಬಳೆಯಲ್ಲಿ ಅದು ಕೆರೆಯ ನೀರು, ದಡ ಬಹಳ ದೂರ. ಪುಟ್ಟ ಕಣದಲ್ಲಿ ಅದು ಕೊಡದ ನೀರು. ಕೊಡ ಹೊತ್ತು ನಡೆದವರಿಗೆ ಗೊತ್ತು, ಹೆಜ್ಜೆಯ ಲಯವೂ ನೀರಿನ ಲಯವೂ ಒಂದಾದರೆ ಮೈಯೆಲ್ಲ ಒದ್ದೆ. ಬೆಳಕಿನ ಬಣ್ಣಗಳಲ್ಲಿ ಹಸಿರಿನ ಹೆಜ್ಜೆ ಚಿನ್ನದ ಈ ಕೊಡಕ್ಕೆ ಸರಿಹೊಂದುತ್ತದೆ. ಹಸಿರನ್ನು ಹೀರಿಕೊಂಡು ಎಲೆಕ್ಟ್ರಾನುಗಳು ತುಳುಕುತ್ತವೆ, ಕೆಂಪು ಉಳಿದುಕೊಳ್ಳುತ್ತದೆ. ಈ ತುಳುಕಾಟಕ್ಕೆ ಪ್ಲಾಸ್ಮಾನ್ ಎಂಬ ಹೆಸರಿದೆ. ಕಣದ ಮೈಗೆ ಬೇರೆ ಏನಾದರೂ ಅಂಟಿದರೆ, ಪಕ್ಕದಲ್ಲಿ ಇನ್ನೊಂದು ಕಣ ಬಂದು ನಿಂತರೆ, ಆ ಲಯ ಬದಲಾಗುತ್ತದೆ. ಅದರ ಜೊತೆಗೆ ಬಣ್ಣವೂ ಬದಲಾಗುತ್ತದೆ. ಹೀಗಾಗಿ ಕಣ್ಣಿಗೆ ಕಾಣದ ವಸ್ತು ಬಂದು ಸೇರಿದ್ದನ್ನು ಬೆಳಕಿನ ಮೂಲಕ ತಿಳಿಯಬಹುದು.

ಈ ಊರಿಗೆ ಬರುವ ಆಸೆ ನನಗೆ ಅಕ್ಕನ ಮಗಳು ಇಲ್ಲಿ ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲೇ ಇತ್ತು. ಐದು ವರ್ಷ ನಾನು ಬೆಳ್ಳಿಯನ್ನು ಒರಟು ಮಾಡಿ ಪಿಎಚ್‌ಡಿ ಮಾಡಿದವನು, ಆ ವಿದ್ಯೆ ಹುಟ್ಟಿದ್ದು ಸೌತಾಂಪ್ಟನ್ನಿನಲ್ಲಿ. ಆದರೆ ಜ್ವರ ಬಿಟ್ಟ ಮೇಲೆ ಅವಳು ಮೊದಲು ಕೇಳಿದ್ದು ಲಂಡನ್ನನ್ನು. ಕೆಂಪು ಚಿನ್ನವನ್ನು ಮೊದಲು ಕಂಡವರು ಯಾರು, ಅದನ್ನು ತೋರಿಸಿ ಎಂದಳು.

ಸೌತಾಂಪ್ಟನ್ ಸೆಂಟ್ರಲ್‌ನಿಂದ ವಾಟರ್‌ಲೂಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ಮೇಲೆ ಸ್ವಲ್ಪ. ವಿಂಚೆಸ್ಟರ್ ದಾಟುವವರೆಗೂ ಕಿಟಕಿಯಾಚೆ ಒದ್ದೆ ಹುಲ್ಲುಗಾವಲು. ವಾಟರ್‌ಲೂನಿಂದ ಸುರಂಗ ರೈಲು ಹಿಡಿದು ಗ್ರೀನ್ ಪಾರ್ಕ್‌ನಲ್ಲಿ ಇಳಿದು, ಪಿಕಡಿಲಿಯಲ್ಲಿ ಸ್ವಲ್ಪ ನಡೆದು ಎಡಕ್ಕೆ ತಿರುಗಿದರೆ ಆಲ್ಬಮಾರ್ಲ್ ಬೀದಿ. ಹಿಂದೆ ಇಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಲು ಬರುವವರ ಗಾಡಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವಂತೆ. ಆ ಕಾರಣಕ್ಕೆ ಇದು ಲಂಡನ್ನಿನ ಮೊದಲ ಒನ್‌ವೇ ರಸ್ತೆಯಾಯಿತು ಎನ್ನುತ್ತಾರೆ. ವಿಜ್ಞಾನದ ಮಾತು ಕೇಳಲು ಜನ ನುಗ್ಗಿ ರಸ್ತೆಯ ನಿಯಮವೇ ಬದಲಾದ ಜಾಗ ಎಂದರೆ ಮೇಷ್ಟರ ಕೆಲಸದಲ್ಲಿರುವ ನನ್ನಂಥವನಿಗೆ ಅದೊಂದು ಕ್ಷೇತ್ರ. ಸಾಲು ಕಂಬಗಳ ಆ ಕಟ್ಟಡ ರಾಯಲ್ ಇನ್‌ಸ್ಟಿಟ್ಯೂಷನ್. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ ಮೈಕೇಲ್ ಫ್ಯಾರಡೆಯ ಪ್ರಯೋಗಶಾಲೆ.

ಫ್ಯಾರಡೆ ಕಮ್ಮಾರನ ಮಗ, ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ಕೆಲಸ ಕಲಿತವನು. ವಿದ್ಯುತ್ತು ಕಾಂತಗಳ ಮೇಲಿನ ಅವನ ದೊಡ್ಡ ಕೆಲಸಗಳೆಲ್ಲ ಮುಗಿದಿದ್ದವು, ನೆನಪು ಕೈಕೊಡತೊಡಗಿತ್ತು. ಅಂಥ ಹೊತ್ತಿನಲ್ಲಿ ಅವನು ಚಿನ್ನದ ಹಿಂದೆ ಬಿದ್ದ. 1857ರ ಫೆಬ್ರವರಿಯಲ್ಲಿ, 65ರ ವಯಸ್ಸಿನಲ್ಲಿ, ಚಿನ್ನಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಕುರಿತು ರಾಯಲ್ ಸೊಸೈಟಿಯಲ್ಲಿ ಬೇಕೇರಿಯನ್ ಉಪನ್ಯಾಸ ಕೊಟ್ಟ. ಅವನು ಶುರುಮಾಡಿದ್ದು ಚಿನ್ನದ ರೇಕಿನಿಂದ. ಮೈಸೂರು ಚಿತ್ರಕಲೆಯವರು ದೇವರ ಕಿರೀಟಕ್ಕೆ ಅಂಟಿಸುವಂಥದೇ ರೇಕು. ಅವನ ಲೆಕ್ಕದಲ್ಲಿ ಅದರ ದಪ್ಪ ಒಂದು ಅಂಗುಲದ 2,82,000ನೇ ಒಂದು ಪಾಲು, ಇಂದಿನ ಮಾತಿನಲ್ಲಿ ಸುಮಾರು 90 ನ್ಯಾನೋಮೀಟರ್. ಗಾಜಿನ ಮೇಲೆ ಹಾಸಿ ದೀಪಕ್ಕೆ ಹಿಡಿದರೆ ರೇಕಿನ ಮೂಲಕ ಹಸಿರು ಬೆಳಕು ಬರುತ್ತದೆ. ಅದನ್ನು ಇನ್ನೂ ತೆಳುವಾಗಿಸಲು ಸೈನೈಡ್ ದ್ರಾವಣದ ಮೇಲೆ ತೇಲಿಸಿ ಕರಗಿಸುತ್ತಿದ್ದ. ಮುಂದೆ ಅದೇ ಸೈನೈಡ್ ನಮ್ಮ ಕೋಲಾರದಲ್ಲಿ ಕಲ್ಲಿನ ಪುಡಿಯಿಂದ ಚಿನ್ನ ಹೀರಿ ತೆಗೆಯಿತು. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಆ ನೆಲಮಾಳಿಗೆ ಅಷ್ಟೇನೂ ಪರದೇಶವಲ್ಲ.

ನಾನು ಹುಡುಕಿಕೊಂಡು ಹೋದದ್ದು ಅವನ ಸೀಸೆಗಳನ್ನು. ಚಿನ್ನದ ಲವಣವನ್ನು ರಂಜಕದಿಂದ ಅಪಕರ್ಷಿಸಿ ಅವನು ಮಾಣಿಕ್ಯದ ಬಣ್ಣದ ದ್ರವ ಮಾಡಿದ್ದ. ಗಾಜಿನ ಪೆಟ್ಟಿಗೆಯೊಳಗೆ ಈಗ ಅದು ನೇರಳೆ ಬೆರೆತ ಗುಲಾಬಿಯಾಗಿ ಕಂಡಿತು. ನೂರೈವತ್ತು ವರ್ಷ ಕಳೆದರೂ ಕಣಗಳು ತಳಕ್ಕೆ ಕೂತಿಲ್ಲ. ಅದು ಬಣ್ಣದ ನೀರಲ್ಲ, ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣ ಚಿನ್ನವೇ ನೀರಿನಲ್ಲಿ ತೇಲುತ್ತಿದೆ ಎಂದು ಫ್ಯಾರಡೆ ಹೇಗೆ ಕಂಡುಕೊಂಡ? ಬೆಳಕಿನ ಕೋಲನ್ನು ಅದರೊಳಗೆ ಹಾಯಿಸಿದ. ಮುಂಜಾವಿನ ಹೊಗೆಯಲ್ಲಿ ಹೆಂಚಿನ ಸಂದಿಯ ಬಿಸಿಲುಕೋಲು ಕಾಣುವಂತೆ ಅಲ್ಲಿಯೂ ಕಂಡಿತು. ಇನ್ನೊಂದು ಕೆಲಸವನ್ನೂ ಅವನು ಮಾಡಿದ, ನನಗೆ ಅದೇ ಹೆಚ್ಚು: ಕೆಂಪು ದ್ರವಕ್ಕೆ ಉಪ್ಪು ಹಾಕಿದ. ಅದು ನೀಲಿಯಾಯಿತು. ಉಪ್ಪು ಬಿದ್ದಾಗ ಕಣಗಳು ಒಂದರ ಪಕ್ಕ ಒಂದು ಬಂದು ಗುಂಪಾಗುತ್ತವೆ, ತುಳುಕುವ ಲಯ ಬದಲಾಗುತ್ತದೆ. ಅಕ್ಕನ ಮಗಳು ಗಾಜಿಗೆ ಹಣೆ ತಾಗಿಸಿ ಕೇಳಿದಳು, "ಹಾಗಾದ್ರೆ ಇದೇ ಮೊದಲನೇ ಟೆಸ್ಟ್ ಕಿಟ್ ಅಲ್ವಾ ಮಾವ?" ಅವನು ಹಾಗೆ ಅಂದುಕೊಂಡಿರಲಿಲ್ಲ. ಆದರೆ ಅವಳ ಮಾತನ್ನು ತಳ್ಳಿಹಾಕುವ ಮನಸ್ಸು ನನಗೂ ಬರಲಿಲ್ಲ.

ಮಧ್ಯಾಹ್ನ ಬ್ರಿಟಿಷ್ ಮ್ಯೂಸಿಯಂನ 41ನೇ ಕೋಣೆಗೆ ಹೋಗಿ ಲೈಕರ್ಗಸ್ ಬಟ್ಟಲು ನೋಡಿದೆವು. ನಾಲ್ಕನೆಯ ಶತಮಾನದ ರೋಮನ್ ಗಾಜು. ಮುಂದಿನಿಂದ ಬೆಳಕು ಬಿದ್ದರೆ ಹಸಿರು, ಹಿಂದಿನಿಂದ ಹಾಯ್ದರೆ ಕೆಂಪು. ಹತ್ತು ಲಕ್ಷ ಪಾಲು ಗಾಜಿನಲ್ಲಿ ಸುಮಾರು ನಲವತ್ತು ಪಾಲು ಚಿನ್ನ, ಮುನ್ನೂರು ಪಾಲಿನಷ್ಟು ಬೆಳ್ಳಿ. ಅದನ್ನು ಕೊರೆದ ಕೈಗಳ ಬಗ್ಗೆ ಒಂದು ಅಕ್ಷರವೂ ಉಳಿದಿಲ್ಲ. ಜನರ ನೂಕುನುಗ್ಗಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ, ಸಂಜೆಯ ರೈಲೂ ಕಾಯುತ್ತಿತ್ತು.

ಮರುದಿನ ಒಬ್ಬನೇ ಯು1 ಬಸ್ಸು ಹತ್ತಿ ಹೈಫೀಲ್ಡ್‌ಗೆ ಹೋದೆ. ಟೈಟಾನಿಕ್ ಹೊರಟ ಬಂದರು ಎಂದೇ ಜಗತ್ತು ನೆನೆಯುವ ಊರಿನಲ್ಲಿ, ಬಂದರಿಗೆ ಬೆನ್ನು ಮಾಡಿ, ಏರಿನ ಮೇಲಿರುವ ವಿಶ್ವವಿದ್ಯಾಲಯದ ಕಡೆಗೆ. ಅಕ್ಟೋಬರಿನ ಬೆಳಗು, ಕಾಲಡಿಯಲ್ಲಿ ಒದ್ದೆ ಎಲೆ. ಹುಡುಗ ಹುಡುಗಿಯರು ಕಾಫಿ ಲೋಟ ಹಿಡಿದು ತರಗತಿಗೆ ಓಡುತ್ತಿದ್ದರು. ರಸಾಯನಶಾಸ್ತ್ರದ ಕಟ್ಟಡದ ಎದುರು ನಿಂತುಕೊಂಡೆ.

ಇಲ್ಲಿ ನಡೆದದ್ದನ್ನು ಹೇಳಲು ಮೊದಲು ನಮ್ಮ ರಾಮನ್ನರ ಹತ್ತಿರ ಹೋಗಬೇಕು. 1928ರಲ್ಲಿ ಕಲ್ಕತ್ತೆಯ ಬೌಬಜಾರಿನ ಪ್ರಯೋಗಶಾಲೆಯಲ್ಲಿ ಅವರು ಕಂಡದ್ದು ಇದು: ವಸ್ತುವಿಗೆ ಬಡಿದು ಚದುರುವ ಬೆಳಕಿನಲ್ಲಿ ಬಹಳ ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆಯನ್ನು ಅಳೆದರೆ ಅಣು ಯಾವುದೆಂದು ತಿಳಿಯುತ್ತದೆ, ಬೆರಳಚ್ಚಿನ ಹಾಗೆ. ಒಂದೇ ತೊಡಕು, ಈ ಬೆಳಕು ತೀರಾ ಮಂದ, ಹೆಚ್ಚುಕಡಿಮೆ ಕೋಟಿಗೊಂದು ಬೆಳಕಿನ ಕಣ. ಸೀಸೆ ತುಂಬ ದ್ರವವಿದ್ದರೆ ಸರಿ, ಲೋಹದ ಮೇಲೆ ಒಂದೇ ಪದರವಾಗಿ ಕೂತ ಅಣುಗಳನ್ನು ಹೀಗೆ ನೋಡುವುದು ಆಗದ ಮಾತು ಎಂದೇ ಎಲ್ಲರೂ ತಿಳಿದಿದ್ದರು.

ಸೌತಾಂಪ್ಟನ್ನಿನ ಮೂವರು ಅದನ್ನೇ ನೋಡಬೇಕೆಂದು ಹೊರಟರು. ಮಾರ್ಟಿನ್ ಫ್ಲೈಷ್‌ಮನ್, ಪ್ಯಾಟ್ರಿಕ್ ಹೆಂಡ್ರಾ, ನ್ಯೂಜಿಲೆಂಡಿನಿಂದ ಬಂದಿದ್ದ ಜೇಮ್ಸ್ ಮೆಕ್‌ಕ್ವಿಲನ್. ಅವರ ಉಪಾಯ ಸರಳ. ಬೆಳ್ಳಿಯ ವಿದ್ಯುದ್ವಾರವನ್ನು ಉಪ್ಪಿನ ದ್ರಾವಣದಲ್ಲಿಟ್ಟು ವಿದ್ಯುತ್ತಿನಿಂದ ಕರಗಿಸುವುದು, ಮತ್ತೆ ಕೂರಿಸುವುದು, ಮತ್ತೆ ಕರಗಿಸುವುದು. ಹೀಗೆ ಹಲವು ಸಲ ಮಾಡಿದರೆ ನುಣುಪು ಮೈ ಒರಟಾಗುತ್ತದೆ. ಒರಟು ಮೈಯಲ್ಲಿ ಜಾಗ ಹೆಚ್ಚು, ಕೂರುವ ಅಣುಗಳೂ ಹೆಚ್ಚು. ಪಿರಿಡಿನ್ ಎಂಬ, ಕೊಳೆತ ಮೀನಿನಂಥ ವಾಸನೆಯ ವಸ್ತುವನ್ನು ಬೆರೆಸಿ ಲೇಸರ್ ಹಾಯಿಸಿದರು. ಸಂಕೇತ ಬಂತು. 1974ರಲ್ಲಿ ಪ್ರಕಟಿಸಿದರು. ಜಾಗ ಹೆಚ್ಚಿದ್ದರಿಂದ ಸಂಕೇತ ಹೆಚ್ಚಿತು ಎಂದೇ ನಂಬಿದರು. ಮೂರು ವರ್ಷಗಳ ನಂತರ ಅಮೆರಿಕದ ನಾರ್ತ್‌ವೆಸ್ಟರ್ನ್‌ನಲ್ಲಿ ಜೀನ್‌ಮೇರ್ ಮತ್ತು ವ್ಯಾನ್ ಡೈನ್, ಇಂಗ್ಲೆಂಡಿನ ಕೆಂಟ್‌ನಲ್ಲಿ ಆಲ್ಬ್ರೆಕ್ಟ್ ಮತ್ತು ಕ್ರೈಟನ್ ಲೆಕ್ಕ ಹಾಕಿ ನೋಡಿದರೆ ಜಾಗ ಹೆಚ್ಚಿದ್ದಕ್ಕೂ ಸಂಕೇತ ಹೆಚ್ಚಿದ್ದಕ್ಕೂ ತಾಳೆಯೇ ಇರಲಿಲ್ಲ. ಪ್ರತಿ ಅಣುವಿನ ದನಿಯೂ ಲಕ್ಷ ಪಟ್ಟು, ಹತ್ತು ಲಕ್ಷ ಪಟ್ಟು ಏರಿತ್ತು.

ಏರಿಸಿದ್ದು ಒರಟಿನ ಒಳಗಿನ ಸಂದಿಗಳು. ಎರಡು ಬೆಳ್ಳಿ ಉಬ್ಬುಗಳ ನಡುವೆ ಕೆಲವೇ ನ್ಯಾನೋಮೀಟರ್ ಅಂತರವಿದ್ದಾಗ, ತುಳುಕುವ ಎಲೆಕ್ಟ್ರಾನುಗಳ ಬಲವೆಲ್ಲ ಆ ಸಂದಿಯಲ್ಲಿ ಒತ್ತೊತ್ತಾಗಿ ಸೇರುತ್ತದೆ. ತುಂಗೆ ಹರವಾಗಿ ಹರಿಯುವಾಗ ಮೆಲ್ಲಗೆ ಇರುತ್ತಾಳೆ, ಎರಡು ಬಂಡೆಗಳ ನಡುವೆ ನುಗ್ಗುವಾಗ ಆನೆಯನ್ನೂ ಎಳೆದೊಯ್ಯುತ್ತಾಳೆ. ಅಂಥ ಜಾಗವನ್ನು ನಮ್ಮವರು ಹಾಟ್ ಸ್ಪಾಟ್ ಎನ್ನುತ್ತಾರೆ. ಅಲ್ಲಿ ಸಿಕ್ಕಿಕೊಂಡ ಅಣು ಕೂಗಿ ಹೇಳುತ್ತದೆ, ತುಸುವೇ ಆಚೆ ಇದ್ದದ್ದು ಪಿಸುಗುಡುತ್ತದೆ. ರಾಮನ್ 1970ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇನ್ನೂ ನಾಲ್ಕು ವರ್ಷ ಬದುಕಿದ್ದಿದ್ದರೆ ತಮ್ಮ ಮಂದ ಬೆಳಕು ಒರಟು ಬೆಳ್ಳಿಯ ಮೇಲೆ ಹೀಗೆ ಎದ್ದು ನಿಂತದ್ದನ್ನು ನೋಡುತ್ತಿದ್ದರು. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫ್ಲೈಷ್‌ಮನ್ ಬಗ್ಗೆ ಒಂದು ಮಾತು. ನಾಜಿಗಳಿಂದ ತಪ್ಪಿಸಿಕೊಂಡು ಚೆಕೊಸ್ಲೊವಾಕಿಯಾದಿಂದ ಇಂಗ್ಲೆಂಡಿಗೆ ಬಂದ ಕುಟುಂಬದ ಹುಡುಗ. 1989ರಲ್ಲಿ ಕೋಣೆಯ ಬಿಸಿಯಲ್ಲೇ ಪರಮಾಣು ಸಮ್ಮಿಲನ ಸಾಧಿಸಿದ್ದೇವೆ ಎಂದು ಸ್ಟ್ಯಾನ್ಲಿ ಪಾನ್ಸ್ ಜೊತೆಗೆ ಘೋಷಿಸಿದರು; ಬೇರೆಯವರಿಗೆ ಅದು ಖಾತ್ರಿಯಾಗಿ ಸಿಗಲಿಲ್ಲ. ಅಂದಿನಿಂದ ಅವರ ಹೆಸರು ಬಂದಲ್ಲೆಲ್ಲ ಆ ಸೋಲೇ ಮುಂದೆ ಬರುತ್ತದೆ. ಇದು ನ್ಯಾಯವಲ್ಲ. ಇಂದು ಹಣ್ಣಿನ ಸಿಪ್ಪೆಯ ಮೇಲಿನ ಕೀಟನಾಶಕವನ್ನೋ ಹಾಲಿಗೆ ಬೆರೆತ ಮೆಲಮೈನನ್ನೋ ಲೇಸರ್ ಹಾಯಿಸಿ ಪತ್ತೆ ಮಾಡುವ ಕೆಲಸ ಎಲ್ಲೆಲ್ಲಿ ನಡೆದಿದೆಯೋ ಅಲ್ಲೆಲ್ಲ ಈ ಕಟ್ಟಡದ ಬೆಳ್ಳಿಯಿದೆ. ಅವರು ನಿಜವಾಗಿ ಕೊಟ್ಟದ್ದನ್ನು ಮೊದಲು ಹೇಳಬೇಕು.

ನನ್ನ ಸಂಶೋಧನೆಯ ದಿನಗಳಲ್ಲಿ ನಾನೂ ಅದೇ ಕರಗಿಸಿ ಕೂರಿಸುವ ಕೆಲಸ ಮಾಡಿದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಬೆಳ್ಳಿ ತಗಡು ನಿಧಾನವಾಗಿ ಮಸುಕು ಕಂದಾಗುತ್ತಿತ್ತು. ಸೋಮವಾರದ ತಗಡು ಬೆರಗಾಗುವಂಥ ಸಂಕೇತ ಕೊಡುತ್ತಿತ್ತು. ಅದೇ ದ್ರಾವಣ, ಅದೇ ವೋಲ್ಟೇಜು, ಮಂಗಳವಾರದ ತಗಡು ಮೂಕ. ಒಂದೇ ತಗಡಿನಲ್ಲೂ ಇಲ್ಲಿ ಇದೆ, ಕೂದಲೆಳೆ ಆಚೆ ಇಲ್ಲ. ಗೈಡ್ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಚೆನ್ನಾಗಿದೆ. ಇನ್ನೊಂದು ಸಲ ಮಾಡಿ ತೋರಿಸಪ್ಪ." ಆ ಇನ್ನೊಂದು ಸಲವೇ ಈ ವಿದ್ಯೆಯ ಅರ್ಧ ಶತಮಾನದ ಕಥೆ. ಒರಟು ತಾನಾಗಿ ಕೊಟ್ಟದ್ದನ್ನು ನಾವು ಬೇಕೆಂದಲ್ಲಿ, ಬೇಕಾದಷ್ಟೇ, ಮತ್ತೆ ಮತ್ತೆ ಮಾಡಬಲ್ಲೆವೇ?

ಹಾಗೆ ಮಾಡುವುದನ್ನು ನಾನು ಕಲಿತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ. ದೇಶದ ಸಣ್ಣ ಊರುಗಳ ಮೇಷ್ಟರು, ವಿದ್ಯಾರ್ಥಿಗಳು ಹೋಗಿ ಅಲ್ಲಿನ ಯಂತ್ರಗಳ ಮೇಲೆ ಕೈಯಾಡಿಸಲು ಒಂದು ಯೋಜನೆಯಿದೆ, ಅದರಡಿ ಹೋಗಿದ್ದೆ. ಕ್ಲೀನ್‌ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡುವುದು ದೇವಸ್ಥಾನದಂತೆಯೇ, ಆಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ, ಮುಖಕ್ಕೆ ಮಾಸ್ಕು, ಕೈಗೆ ಗವಸು. ಅಲ್ಲಿ ದೊಡ್ಡ ಕೊಳೆ ಎಂದರೆ ಮನುಷ್ಯನೇ. ಲಿಥೋಗ್ರಫಿಯ ಕೋಣೆಯಲ್ಲಿ ಅರಿಸಿನದಂಥ ಹಳದಿ ಬೆಳಕು, ಏಕೆಂದರೆ ಅಲ್ಲಿ ಬಳಸುವ ಹಲವು ರೆಸಿಸ್ಟ್ ಲೇಪಗಳು ನೀಲಿ ಬೆಳಕು ಬಿದ್ದರೆ ಕೆಡುತ್ತವೆ. ಸಿಲಿಕಾನ್ ತುಂಡನ್ನು ಅಸಿಟೋನಿನಲ್ಲಿ ತೊಳೆದು, ನೈಟ್ರೋಜನ್ ಊದಿ ಒಣಗಿಸಿ, ಪಿಎಂಎಂಎ ಎಂಬ ಪ್ಲಾಸ್ಟಿಕ್ಕಿನ ದ್ರಾವಣ ಹನಿಸಿ, ನಿಮಿಷಕ್ಕೆ 4000 ಸುತ್ತು ತಿರುಗಿಸುತ್ತಾರೆ. ದೋಸೆ ಹಿಟ್ಟು ಹರಡಿದ ಹಾಗೆ ಹರಡಿ ಒಂದೇ ಸಮನಾದ ಪದರವಾಗುತ್ತದೆ. ಅದನ್ನು 180 ಡಿಗ್ರಿಯಲ್ಲಿ ಕಾಯಿಸಿ, ಎಲೆಕ್ಟ್ರಾನ್ ಕಿರಣದಿಂದ ಅದರ ಮೇಲೆ ಚಿತ್ತಾರ ಬರೆಯುವುದು. ಕಿರಣ ಬಿದ್ದ ಜಾಗ ಡೆವಲಪರಿನಲ್ಲಿ ಕರಗಿ ತೂತಾಗುತ್ತದೆ.

ಮುಂದಿನದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರುವ ವಿದ್ಯೆ. ತೂತು ಕೊರೆದ ತಗಡನ್ನು ಅಂಗಳದಲ್ಲಿಟ್ಟು ರಂಗೋಲಿ ಪುಡಿ ಸುರಿದು ಸವರಿ, ತಗಡು ಎತ್ತಿದರೆ ನೆಲದ ಮೇಲೆ ಚಿತ್ತಾರ ಮಾತ್ರ ಉಳಿಯುತ್ತದಲ್ಲ, ಹಾಗೆಯೇ. ನಿರ್ವಾತದ ಗೂಡಿನೊಳಗೆ ಮೊದಲು 3 ನ್ಯಾನೋಮೀಟರ್ ಕ್ರೋಮಿಯಂ, ಅದರ ಮೇಲೆ 40 ನ್ಯಾನೋಮೀಟರ್ ಚಿನ್ನ ಆವಿಯಾಗಿ ಬಂದು ಎಲ್ಲೆಡೆ ಕೂರುತ್ತದೆ. ಅಸಿಟೋನಿನಲ್ಲಿ ನೆನೆಹಾಕಿದರೆ ಪ್ಲಾಸ್ಟಿಕ್ ಕರಗಿ ಮೇಲಿನ ಬೇಡದ ಚಿನ್ನ ಜರಿಯಂತೆ ಎದ್ದು ತೇಲುತ್ತದೆ, ತೂತಿನೊಳಗೆ ಇಳಿದದ್ದು ಉಳಿಯುತ್ತದೆ. ಲಿಫ್ಟ್-ಆಫ್ ಎಂದು ಅದಕ್ಕೆ ಹೆಸರು. ನನ್ನ ಮೊದಲ ತುಂಡಿನಲ್ಲಿ ಉಳಿಯಬೇಕಾದದ್ದೂ ಎದ್ದು ಹೋಯಿತು, ಕ್ರೋಮಿಯಂ ತೀರಾ ತೆಳುವಾಗಿತ್ತು. ಎರಡನೆಯದರಲ್ಲಿ 10 ನ್ಯಾನೋಮೀಟರ್ ಅಂತರ ಬಿಟ್ಟು ಬರೆದ ಜೋಡಿ ತಟ್ಟೆಗಳಲ್ಲಿ ಬಹಳಷ್ಟು ಅಂಟಿಕೊಂಡುಬಿಟ್ಟಿದ್ದವು: ಒಂದು ಆಕಾರ ಬರೆಯುವಾಗ ಚದುರಿದ ಎಲೆಕ್ಟ್ರಾನು ಪಕ್ಕದ ಜಾಗವನ್ನೂ ಸುಡುತ್ತದೆ. ಮೂರನೆಯದು ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ತೆರೆಯ ಮೇಲೆ ಚಿನ್ನದ ಜೋಡಿ ತಟ್ಟೆಗಳು, ನಡುವೆ ಕಪ್ಪು ಸಂದಿ, ಸಾಲು ಸಾಲು. ನನ್ನ ಕಣ್ಣು ತೇವವಾಯಿತು, ಮಾಸ್ಕಿನೊಳಗೆ ಯಾರಿಗೂ ಕಾಣಲಿಲ್ಲ. ಆದರೆ ಸಾಸಿವೆ ಕಾಳಿನಷ್ಟು ಜಾಗ ಬರೆಯಲು ಗಂಟೆಗಟ್ಟಲೆ ಹಿಡಿಯಿತು. ಈ ದಾರಿಯಲ್ಲಿ ರೈತನ ಟೊಮೆಟೊ ಪರೀಕ್ಷಿಸುವ ಪಟ್ಟಿ ಅಗ್ಗಕ್ಕೆ ಬಾರದು ಎಂದು ಅಂದೇ ಅನಿಸಿತ್ತು.

ಹೈಫೀಲ್ಡಿನ ತೋಟದ ಇಳಿಜಾರಿನ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೆನೆದೆ. ಇದೇ ವಿಶ್ವವಿದ್ಯಾಲಯದ ಮೌಂಟ್‌ಬ್ಯಾಟನ್ ಕಟ್ಟಡ 2005ರ ಅಕ್ಟೋಬರಿನಲ್ಲಿ ಬೆಂಕಿಗೆ ಸಿಕ್ಕಿ, ವರ್ಷಗಳಿಂದ ಕೂಡಿಸಿದ ಕ್ಲೀನ್‌ರೂಮು ಸುಟ್ಟುಹೋಯಿತು. ಅವರು ಮತ್ತೆ ಕಟ್ಟಿದರು. ಅದಕ್ಕೂ ಮೊದಲೇ, ಒರಟು ಬೆಳ್ಳಿಯ ಊರಿನವರೇ ಒರಟನ್ನು ಅಚ್ಚುಕಟ್ಟು ಮಾಡುವ ಒಂದು ಸುಲಭದ ದಾರಿ ಹುಡುಕಿದ್ದರು. ಫಿಲ್ ಬಾರ್ಟ್‌ಲೆಟ್ ಮತ್ತು ಜೆರೆಮಿ ಬಾಮ್‌ಬರ್ಗ್ ಅವರ ತಂಡದ ಕೆಲಸ ಅದು. ಕೆಲವು ನೂರು ನ್ಯಾನೋಮೀಟರಿನ ಪಾಲಿಸ್ಟೈರೀನ್ ಗುಂಡುಗಳನ್ನು ನೀರಿನಲ್ಲಿ ಬೆರೆಸಿ ಲೋಹದ ಮೇಲೆ ಒಣಗಲು ಬಿಡುವುದು. ನೀರು ಆರುತ್ತ ಹೋದಂತೆ ಗುಂಡುಗಳು ಒಂದನ್ನೊಂದು ಎಳೆದುಕೊಂಡು ಜೇನುಹುಟ್ಟಿನ ಹಾಗೆ ಆರು ಮೂಲೆಗೆ ತಾವೇ ಸಾಲುಗಟ್ಟುತ್ತವೆ. ಗುಂಡುಗಳ ಸಂದಿಯಲ್ಲಿ ವಿದ್ಯುತ್ತಿನಿಂದ ಚಿನ್ನ ತುಂಬಿಸಿ, ಆಮೇಲೆ ಗುಂಡುಗಳನ್ನು ಕರಗಿಸಿದರೆ ಪಡ್ಡಿನ ಕಾವಲಿಯಂಥ ಚಿನ್ನದ ಕುಳಿಗಳು ಉಳಿಯುತ್ತವೆ. ಕುಳಿ ಎಷ್ಟು ಆಳವೋ ಅದಕ್ಕೆ ತಕ್ಕ ಬಣ್ಣ.

ಗುಂಡುಗಳು ತಾವೇ ಸಾಲುಗಟ್ಟಿ ಬಣ್ಣ ತೋರುವುದು ಓಪಲ್ ಕಲ್ಲಿನ ಗುಣ. 1953ರಲ್ಲಿ ಬೆಂಗಳೂರಿನಲ್ಲಿ ಕೂತು ರಾಮನ್ ಮತ್ತು ಜಯರಾಮನ್ ಓಪಲ್ಲಿನ ಒಳಗಿನ ರಚನೆಯನ್ನು ಅಧ್ಯಯನ ಮಾಡಿದ್ದರು. ಕಲ್ಲು, ಚಿಟ್ಟೆ, ಹಕ್ಕಿಯ ರೆಕ್ಕೆಗಳನ್ನು ಕೂಡಿಹಾಕಿ ಬಣ್ಣದ ಮೂಲ ಹುಡುಕುತ್ತಿದ್ದ ಮುದುಕ ರಾಮನ್ನರು ಈ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿದ್ದಂತೆ ಅನಿಸಿತು. ಸಂಜೆ ಮನೆಗೆ ಬಂದಾಗ ಅಕ್ಕನ ಮಗಳು, "ಇಷ್ಟೊತ್ತು ಏನು ನೋಡಿದಿರಿ ಮಾವ?" ಅಂದಳು. ಕಟ್ಟಡ ನೋಡಿದೆ ಎಂದೆ. ಅವಳು ಬಡಿಸಿದ ಬಿಸಿ ಅನ್ನ ತಿಳಿಸಾರಿನ ಎದುರು ಬೇರೆ ಏನೂ ಹೇಳಲಾಗಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಕಾಲೇಜಿನ ಮೂಲೆಯಲ್ಲಿದ್ದ, ಬೆಂಗಳೂರಿನಲ್ಲೇ ತಯಾರಾದ ಹಳೆಯ ವ್ಯಾಕ್ಯೂಮ್ ಕೋಟಿಂಗ್ ಯೂನಿಟ್ಟಿನ ರೋಟರಿ ಪಂಪಿಗೆ ಎಣ್ಣೆ ಬದಲಿಸಿದೆವು. ಗುಂಡುಗಳ ಸಣ್ಣ ಸೀಸೆಯೊಂದನ್ನು ತರಿಸಿದೆವು. ಎಂಎಸ್ಸಿ ಹುಡುಗಿಯೊಬ್ಬಳು ಗಾಜಿನ ಪಟ್ಟಿಯನ್ನು ಮೂರು ಸಲ ತೊಳೆದು, ಒಂದು ಹನಿ ಬಿಟ್ಟು, ತುಸು ವಾಲಿಸಿ, ಮೇಲೆ ತಟ್ಟೆ ಮುಚ್ಚಿ ಮನೆಗೆ ಹೋದಳು. ಹೊರಗೆ ಜಡಿಮಳೆ, ಬೆಳಗಾದರೂ ಹನಿಯ ಅಂಚು ಇನ್ನೂ ಹಸಿಯಾಗಿತ್ತು. ಮರುದಿನ ಒಣಗಿದ ನಂತರ ಅದರ ಮೇಲೆ ಬೆಳ್ಳಿ ಕೂರಿಸಿದೆವು. ಅವಳು ಪಟ್ಟಿಯನ್ನು ಕಿಟಕಿಗೆ ಹಿಡಿದು ವಾಲಿಸಿದಾಗ ಹಸಿರು ಹರಿದು ಕೆಂಪಾಯಿತು, ಕೆಂಪು ಹರಿದು ನೇರಳೆಯಾಯಿತು. ಅವಳ ಮುಖ ಅರಳಿ, ಮರುಕ್ಷಣವೇ ಬಾಡಿತು.

"ಸರ್, ಹಾಳಾಯ್ತು. ನಡುವೆ ಉದ್ದಕ್ಕೂ ಬಿರುಕು ಬಿಟ್ಟಿದೆ. ಇನ್ನೊಂದು ಮಾಡ್ತೀನಿ."

"ಇನ್ನೊಂದೂ ಮಾಡು. ಇದನ್ನ ಮಾತ್ರ ಎಸೆಯಬೇಡಮ್ಮ. ಬಿರುಕಿರೋ ಜಾಗಕ್ಕೆ ಹಿಂದುಗಡೆ ಗುರುತು ಹಾಕು. ಶುಕ್ರವಾರ ಯೂನಿವರ್ಸಿಟಿಗೆ ಹೋದಾಗ ಲೇಸರ್ ಮೊದಲು ಅಲ್ಲೇ ಬೀಳಲಿ."

ಅವಳು ಪಟ್ಟಿಯನ್ನು ಮಗುಚಿ, ಮಾರ್ಕರ್ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ಬಿರುಕಿನ ಎರಡೂ ತುದಿಗೆ ಒಂದೊಂದು ಚುಕ್ಕೆ ಇಟ್ಟಳು.